ಕ್ರಿಸ್‌ಮಸ್ ಹೂವು ರಾತ್ರಿ ಎಣಿಸ್ತದ

ಕಲಬುರಗಿಯಿಂದ ಅಫಜಲಪುರ ರಸ್ತೆ ಹಿಡಿದರೆ ನಡುವೆ ಚೌಡಾಪುರ ಸಿಗುತ್ತದೆ. ಗಾಣಗಾಪುರದ ದತ್ತನ ದರ್ಶನಕ್ಕೆ ಹೋಗುವವರು ತಿರುಗೋದು ಅಲ್ಲೇ. ನವೆಂಬರ್‌ನಲ್ಲಿ ಆ ರಸ್ತೆಯ ಎಡಬಲ ಒಮ್ಮೆ ನೋಡ್ರಿ, ತೊಗರಿ ಹೂಬಿಟ್ಟು ಹೊಲಕ್ಕೆ ಹೊಲಾನೇ ಹಳದಿ. ಬಿತ್ತಿದ್ದು ಮುಂಗಾರಿಗೆ. ಅಲ್ಲಿಂದ ತಿಂಗಳುಗಟ್ಟಲೆ ಬರೀ ಹಸಿರಾಗಿ ಬೆಳೆದುಕೊಂಡಿದ್ದ ಗಿಡ, ದಸರಾ ಆಸುಪಾಸಿನಲ್ಲಿ ಯಾರೋ ಸ್ವಿಚ್ ಒತ್ತಿದ ಹಾಗೆ ಮೊಗ್ಗು ಹಿಡಿಯುತ್ತದೆ.

ಅದೇ ದಿನಗಳಲ್ಲಿ ಕಲಬುರಗಿಯ ನರ್ಸರಿಗಳಲ್ಲಿ, ಕೆಲವು ಮನೆಗಳ ಕಾಂಪೌಂಡಿನಲ್ಲಿ ಇನ್ನೊಂದು ಗಿಡದ ತುದಿಯ ಎಲೆಗಳು ಕೆಂಪಾಗತೊಡಗುತ್ತವೆ. ಡಿಸೆಂಬರ್ ಹೊತ್ತಿಗೆ ಪೂರ್ತಿ ರಕ್ತಗೆಂಪು. ಚರ್ಚಿನ ಮುಂದೆ, ಗೋದಲಿಯ ಪಕ್ಕ, ಕಾಗದದ ನಕ್ಷತ್ರದ ಕೆಳಗೆ ಇಡುವ ಕುಂಡ ಇದೇ. ಹೆಸರು ಪಾಯಿನ್‌ಸೆಟಿಯಾ, ನರ್ಸರಿಯವರ ಬಾಯಲ್ಲಿ ಸೀದಾ ‘ಕ್ರಿಸ್‌ಮಸ್ ಗಿಡ’. ಕಲಬುರಗಿ–ಬೀದರ ಭಾಗದಲ್ಲಿ ಮೆಥೋಡಿಸ್ಟ್ ಚರ್ಚುಗಳು ಹಳೆಯವು. ಕಥೋಲಿಕರಿಗೆ 2005ರಿಂದ ಕಲಬುರಗಿಯದೇ ಧರ್ಮಪ್ರಾಂತ್ಯ ಇದೆ. ಹಾಗಾಗಿ ಕ್ರಿಸ್‌ಮಸ್ ನಮ್ಮ ಕಡೆಗೆ ಹೊಸ ಹಬ್ಬವೇನಲ್ಲ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಭಜ್ಜಿ, ಸಜ್ಜಿ ರೊಟ್ಟಿ ಕಟ್ಟಿಕೊಂಡು ಹೋಗುವ ದಿನವೂ ಹೆಚ್ಚುಕಮ್ಮಿ ಇದರ ಹಿಂದೆಮುಂದೆಯೇ ಬರುತ್ತದೆ.

ತೊಗರಿಗೂ ಈ ಕೆಂಪು ಗಿಡಕ್ಕೂ ಸಂಬಂಧ ಏನು ಅಂತ ಕೇಳಬಹುದು. ಕುಲದಲ್ಲಿ ಏನೂ ಇಲ್ಲ. ಆದರೆ ಎರಡರೊಳಗೂ ಒಂದೇ ತರದ ಗಡಿಯಾರ ಇದೆ, ಎರಡೂ ಕತ್ತಲೆಯನ್ನು ಅಳೆಯುತ್ತವೆ. ಈ ಗಡಿಯಾರ ಗೊತ್ತಿಲ್ಲದ ಕಾರಣಕ್ಕೇ ಪ್ರತಿ ವರ್ಷ ಫೆಬ್ರವರಿಯಲ್ಲಿ ಜೀವ ಇರುವ ಗಿಡಗಳು ಕಸದ ಗಾಡಿ ಸೇರುತ್ತವೆ. ಡಿಸೆಂಬರ್‌ನಲ್ಲಿ ದುಡ್ಡು ಕೊಟ್ಟು ತಂದದ್ದು, ಮುಂದಿನ ಡಿಸೆಂಬರ್‌ಗೆ ಕೆಂಪಾಗಲಿಲ್ಲ, ‘ಡೂಪ್ಲಿಕೇಟ್ ಕೊಟ್ಟಾನ’ ಅಂತ ನರ್ಸರಿಯವನಿಗೆ ಬೈಗುಳ. ಪಾಪ, ಅವನದೇನು ತಪ್ಪು? ನಿಮ್ಮ ಟ್ಯೂಬ್‌ಲೈಟ್ ಮಾಡಿದ ಕೆಲಸ ಅದು.

ಅದಕ್ಕೆ ಬರೋಣ. ಮೊದಲು ಗಿಡದ ಪರಿಚಯ ಆಗಲಿ.

ನಾವು ‘ಹೂವು’ ಅಂತ ಫೋಟೋ ತೆಗೆಯುವ ಕೆಂಪು ಭಾಗ ಹೂವೇ ಅಲ್ಲ, ಬಣ್ಣ ಬದಲಿಸಿದ ಎಲೆ. ಸಸ್ಯಶಾಸ್ತ್ರದವರು ಬ್ರ್ಯಾಕ್ಟ್ ಅಂತಾರೆ. ನಿಜವಾದ ಹೂವು ನಡುವೆ ಇರುತ್ತದೆ, ಹಳದಿ–ಹಸಿರು ಬಟಾಣಿಯಂಥ ಸಣ್ಣ ಗುಂಡುಗಳು. ಒಂದೊಂದು ಗುಂಡಿನ ಪಕ್ಕದಲ್ಲಿ ತುಟಿಯಾಕಾರದ ಜೇನುಗ್ರಂಥಿ. ಇಷ್ಟು ಚಿಕ್ಕ ಹೂವಿನ ಕಡೆ ಕೀಟ, ಹಕ್ಕಿ ತಿರುಗಿ ನೋಡಬೇಕಾದರೆ ಜಾಹೀರಾತು ಬೇಕಲ್ಲ, ಆ ಜಾಹೀರಾತು ಫಲಕವೇ ಕೆಂಪು ಎಲೆ. ಕಾಲೇಜುಗಳ ಗೇಟಿನ ಮೇಲೆ ಹಬ್ಬಿರುತ್ತದಲ್ಲ ಕಾಗದದ ಹೂವಿನ ಬಳ್ಳಿ, ಬೋಗನ್‌ವಿಲ್ಲಾ, ಅದರದ್ದೂ ಇದೇ ಉಪಾಯ. ಬಣ್ಣದ ಕೆಮಿಸ್ಟ್ರಿ ಮಾತ್ರ ಬೇರೆ: ಬೋಗನ್‌ವಿಲ್ಲಾದಲ್ಲಿ ಬೀಟ್‌ರೂಟಿನ ಜಾತಿಯ ಬೀಟಲೈನ್, ಪಾಯಿನ್‌ಸೆಟಿಯಾದಲ್ಲಿ ಆಂಥೋಸಯನಿನ್. ಫಸ್ಟ್ ಇಯರ್ ಕೆಮಿಸ್ಟ್ರಿ ಲ್ಯಾಬ್‌ನವರು ಗಮನಿಸಿ, ಉದುರಿದ ಕೆಂಪು ಎಲೆ ಕುದಿಸಿದ ನೀರು ಒಳ್ಳೆಯ ಪಿಎಚ್ ಇಂಡಿಕೇಟರ್. ನಿಂಬೆರಸ ಹಾಕಿದರೆ ಕೆಂಪು ಏರುತ್ತದೆ, ಅಡುಗೆ ಸೋಡಾ ಹಾಕಿದರೆ ಹಸಿರಿಗೆ ತಿರುಗುತ್ತದೆ.

ಇದರ ವೈಜ್ಞಾನಿಕ ಹೆಸರು ಯುಫೋರ್ಬಿಯಾ ಪುಲ್ಚೆರಿಮಾ. ‘ಪುಲ್ಚೆರಿಮಾ’ ಅಂದರೆ ಲ್ಯಾಟಿನ್‌ನಲ್ಲಿ ‘ಅತಿ ಸುಂದರ’. ಯುಫೋರ್ಬಿಯಾ ಅಂದ ಕೂಡಲೇ ದೂರದ್ದು ಅನ್ನಿಸಬಹುದು. ಆದರೆ ಹೊಲದ ಬೇಲಿಗೆ ಹಚ್ಚುವ, ಮುರಿದರೆ ಬಿಳಿ ಹಾಲು ಬರುವ ಕಳ್ಳಿ ಇದೇ ಯುಫೋರ್ಬಿಯಾ. ನಮ್ಮ ಔಡಲ ಗಿಡವೂ ಅದೇ ಕುಟುಂಬ. ಕ್ರಿಸ್‌ಮಸ್ ಗಿಡದ ಎಲೆ ಕಿತ್ತರೂ ಹಾಲು ಸೋರುತ್ತದೆ. ಅಂದರೆ ಕೇಕಿನ ಪಕ್ಕ ಮಿಂಚುವ ಈ ವಿದೇಶಿ ಸುಂದರಿ ನಮ್ಮ ಬೇಲಿಯ ಕಳ್ಳಿಗೆ ತಂಗಿ ಆಗಬೇಕು.

ತವರು ಮೆಕ್ಸಿಕೊ ಮತ್ತು ಅದರ ದಕ್ಷಿಣಕ್ಕಿರುವ ಮಧ್ಯ ಅಮೆರಿಕ. ಅಲ್ಲಿ ಇದು ಕುಂಡದ ಗಿಡವಲ್ಲ, ಆಳೆತ್ತರ ಮೀರಿ ಬೆಳೆಯುವ ದೊಡ್ಡ ಪೊದೆ. ಅಜ್ಟೆಕ್ ಜನರ ನಾವಾಟ್ಲ್ ಭಾಷೆಯಲ್ಲಿ ಇದು ಕ್ವೆತ್ಲಾಶೋಚಿತ್ಲ್; ‘ಶೋಚಿತ್ಲ್’ ಅಂದರೆ ಹೂವು. ಕೆಂಪು ಎಲೆಯಿಂದ ಬಟ್ಟೆಗೆ ಬಣ್ಣ, ಹಾಲಿನಿಂದ ಜ್ವರಕ್ಕೆ ಮದ್ದು ಮಾಡುತ್ತಿದ್ದರಂತೆ. ಸ್ಪೇನಿನವರು ಬಂದ ಮೇಲೆ, 17ನೇ ಶತಮಾನದಲ್ಲಿ, ಟಾಸ್ಕೊ ಎಂಬ ಊರಿನ ಕಡೆಯ ಫ್ರಾನ್ಸಿಸ್ಕನ್ ಪಾದ್ರಿಗಳು ಯೇಸುವಿನ ಜನನದ ಗೋದಲಿ ಅಲಂಕರಿಸಲು ಇದನ್ನು ಬಳಸತೊಡಗಿದರು. ಡಿಸೆಂಬರ್‌ನಲ್ಲಿ ಬೆಟ್ಟದ ತುಂಬ ತಾನಾಗಿ ಕೆಂಪಾಗುವ ಗಿಡ ಎದುರಿಗಿರುವಾಗ ಬೇರೆ ಯಾವ ಹೂವು ಹುಡುಕಬೇಕು? ಮೆಕ್ಸಿಕೊದಲ್ಲಿ ಇವತ್ತಿಗೂ ಇದರ ಹೆಸರು ‘ನೋಚೆಬುಯೆನಾ’, ಕ್ರಿಸ್‌ಮಸ್ ಹಿಂದಿನ ರಾತ್ರಿ ಅಂತ ಅರ್ಥ. ಹೆಸರಿನಲ್ಲೇ ರಾತ್ರಿ ಇದೆ, ನೆನಪಿಟ್ಟುಕೊಳ್ಳಿ.

ಅಲ್ಲಿ ಹೇಳುವ ಒಂದು ಜನಪದ ಕತೆಯೂ ಇದೆ. ಪೆಪಿಟಾ ಎಂಬ ಬಡ ಹುಡುಗಿಗೆ ಚರ್ಚಿಗೆ ಒಯ್ಯಲು ಉಡುಗೊರೆ ಇರಲಿಲ್ಲ. ದಾರಿಬದಿಯ ಕಳೆ ಗಿಡಗಳನ್ನೇ ಕಿತ್ತು ಕಟ್ಟು ಮಾಡಿ ಬಾಲಯೇಸುವಿನ ಮುಂದೆ ಇಟ್ಟಳು, ಕಳೆಯ ತುದಿಗಳೆಲ್ಲ ಕೆಂಪು ಹೂವಾದವು. ಶಬರಿಯ ಬೋರೆಹಣ್ಣು, ಸುದಾಮನ ಅವಲಕ್ಕಿ ಕೇಳಿ ಬೆಳೆದ ನಮಗೆ ಈ ಕತೆ ಪರಕೀಯ ಅನ್ನಿಸೋದೇ ಇಲ್ಲ.

ಹಾಗಾದರೆ ‘ಪಾಯಿನ್‌ಸೆಟಿಯಾ’ ಎಂಬ ಹೆಸರು ಎಲ್ಲಿಂದ ಬಂತು? ಜೋಯೆಲ್ ರಾಬರ್ಟ್ಸ್ ಪಾಯಿನ್‌ಸೆಟ್ ಎಂಬುವನು 1825ರಲ್ಲಿ ಮೆಕ್ಸಿಕೊಕ್ಕೆ ಅಮೆರಿಕದ ಮೊದಲ ರಾಯಭಾರಿಯಾಗಿ ಹೋದ. ಸಸ್ಯಗಳ ಹುಚ್ಚು ಇದ್ದ ಮನುಷ್ಯ. ಈ ಗಿಡ ಕಂಡು 1828ರ ಸುಮಾರಿಗೆ ಅಮೆರಿಕಕ್ಕೆ ಕಳಿಸಿದ. 1829ರಲ್ಲಿ ಫಿಲಡೆಲ್ಫಿಯಾದ ಹೂವಿನ ಪ್ರದರ್ಶನದಲ್ಲಿ ಅದು ಜನರ ಕಣ್ಣಿಗೆ ಬಿತ್ತು, ಅವನ ಹೆಸರೇ ಅಂಟಿಕೊಂಡಿತು. ಆ ಹೆಸರಿನ ಬಗ್ಗೆ ನಮಗಂತೂ ಪ್ರೀತಿ ಇಲ್ಲ. ಈ ಮನುಷ್ಯ ಮೆಕ್ಸಿಕೊದ ರಾಜಕೀಯದಲ್ಲಿ ಎಷ್ಟು ಕೈಯಾಡಿಸಿದನೆಂದರೆ, ಅಧಿಕಾರದ ದರ್ಪಕ್ಕೆ ಅಲ್ಲಿಯವರು ‘ಪಾಯಿನ್‌ಸೆಟಿಸ್ಮೊ’ ಅಂತ ಹೊಸ ಪದವನ್ನೇ ಹುಟ್ಟಿಸಿದರು. ಊರಿಗೆ ಮರಳಿದ ಮೇಲೆ ಗುಲಾಮರನ್ನು ಇಟ್ಟುಕೊಂಡಿದ್ದ. 1837ರಿಂದ 1841ರವರೆಗೆ ಯುದ್ಧ ಖಾತೆಯ ಕಾರ್ಯದರ್ಶಿ. ಚೆರೋಕಿ ಮೂಲನಿವಾಸಿಗಳನ್ನು ಅವರ ನೆಲದಿಂದ ಒಕ್ಕಲೆಬ್ಬಿಸಿ ಸಾವಿರಾರು ಜನರ ಸಾವಿಗೆ ಕಾರಣವಾದ ನಡಿಗೆ ನಡೆದದ್ದು ಅವನ ಅಧಿಕಾರದಲ್ಲೇ. ಅವನು ಸತ್ತ ದಿನ, ಅಂದರೆ 1851ರ ಡಿಸೆಂಬರ್ 12, ಈಗ ಅಮೆರಿಕದಲ್ಲಿ ‘ಪಾಯಿನ್‌ಸೆಟಿಯಾ ದಿನ’. ನಮ್ಮ ನರ್ಸರಿಯವರು ಈ ಗೊಡವೆಯೇ ಬೇಡ ಅಂತ ‘ಕ್ರಿಸ್‌ಮಸ್ ಗಿಡ’ ಅಂದುಬಿಟ್ಟದ್ದು ಎಷ್ಟೋ ಮೇಲು. ನಾವೂ ಇನ್ನು ಹಾಗೇ ಕರೆಯುತ್ತೇವೆ.

ಬೆಟ್ಟದ ಪೊದೆ ಟೇಬಲ್ಲಿನ ಕುಂಡಕ್ಕೆ ಬಂದ ಕತೆ ನಮ್ಮಂಥವರಿಗೆ ಇನ್ನೂ ಚೆಂದ, ಯಾಕಂದ್ರೆ ಇದರಲ್ಲಿ ಟ್ರೇಡ್ ಸೀಕ್ರೆಟ್ ಇದೆ, ರಿವರ್ಸ್ ಎಂಜಿನಿಯರಿಂಗ್ ಇದೆ. ಕ್ಯಾಲಿಫೋರ್ನಿಯಾದಲ್ಲಿ ಎಕ್ಕೆ ಎಂಬ ಕುಟುಂಬ. ಜರ್ಮನಿಯಿಂದ ವಲಸೆ ಬಂದ ಆಲ್ಬರ್ಟ್ ಎಕ್ಕೆ ಲಾಸ್ ಏಂಜಲೀಸ್‌ನ ರಸ್ತೆಬದಿಯಲ್ಲಿ ಈ ಹೂವಿನ ಕಡ್ಡಿ ಮಾರುತ್ತಿದ್ದ. ಮಗ ಪಾಲ್ ಅದನ್ನು ದೊಡ್ಡ ವ್ಯಾಪಾರ ಮಾಡಿದ. ಮೊಮ್ಮಗ ಪಾಲ್ ಜೂನಿಯರ್ ಅಮೆರಿಕದ ಟಿವಿ ಸ್ಟುಡಿಯೋಗಳಿಗೆ ಗಿಡಗಳನ್ನು ಪುಕ್ಕಟೆ ಕಳಿಸಿದ. ಕ್ರಿಸ್‌ಮಸ್ ಕಾರ್ಯಕ್ರಮಗಳ ಹಿನ್ನೆಲೆಯಲ್ಲಿ ಕೆಂಪು ಗಿಡ ಕಂಡ ಪ್ರೇಕ್ಷಕರಿಗೆ ಇದಿಲ್ಲದೆ ಹಬ್ಬವೇ ಇಲ್ಲ ಅನ್ನಿಸಿತು. ಅಂದರೆ ಇವತ್ತು ‘ಸಂಪ್ರದಾಯ’ ಅಂತ ಕಾಣುವುದರ ಅರ್ಧ ಭಾಗ ಒಳ್ಳೆಯ ಮಾರ್ಕೆಟಿಂಗ್.

ಆದರೆ ಅವರ ಗಿಡ ಬೇರೆಯವರದ್ದಕ್ಕಿಂತ ದಟ್ಟವಾಗಿ, ಗುಂಡಗೆ, ಕವಲೊಡೆದು ಬೆಳೆಯುತ್ತಿತ್ತು. ಉಳಿದವರ ಗಿಡ ಉದ್ದ ಕೋಲಿನ ಹಾಗೆ. ಗುಟ್ಟು ಕಸಿಯಲ್ಲಿತ್ತು. ಒಂದು ದಟ್ಟ ಗಿಡಕ್ಕೆ ಕಸಿ ಕಟ್ಟಿದರೆ ಕೋಲು ಗಿಡವೂ ಕವಲೊಡೆಯುತ್ತಿತ್ತು. ದಶಕಗಳ ಕಾಲ ಹೊರಗಿನವರಿಗೆ ಇದು ತಿಳಿಯಲಿಲ್ಲ. ಕೊನೆಗೆ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು ಕಂಡುಹಿಡಿದು ಪ್ರಕಟಿಸಿಬಿಟ್ಟರು, ಏಕಸ್ವಾಮ್ಯ ಮುರೀತು. ಕಸಿಯಲ್ಲಿ ದಾಟುತ್ತಿದ್ದದ್ದು ಏನು ಅಂತ ಗೊತ್ತಾದದ್ದು 1997ರಲ್ಲಿ: ಅದೊಂದು ಸೋಂಕು! ಫೈಟೊಪ್ಲಾಸ್ಮಾ ಎಂಬ, ಕೋಶಗೋಡೆ ಇಲ್ಲದ ಬ್ಯಾಕ್ಟೀರಿಯಾ. ಬದನೆಗೆ ಬಂದರೆ ಇದರ ಬಳಗದ್ದೇ ಒಂದು ಜೀವಿ ‘ಸಣ್ಣ ಎಲೆ ರೋಗ’ ತಂದು ರೈತನ ಬದುಕು ಹಾಳುಮಾಡುತ್ತದೆ. ಕ್ರಿಸ್‌ಮಸ್ ಗಿಡಕ್ಕೆ ಬಂದದ್ದು ಅದನ್ನು ಮಾರುಕಟ್ಟೆಯ ರಾಣಿ ಮಾಡಿತು. ನಿಮ್ಮ ಟೇಬಲ್ ಮೇಲಿನ ಗುಂಡನೆಯ ಗಿಡಕ್ಕೆ ತಾಂತ್ರಿಕವಾಗಿ ರೋಗ ಇದೆ.

ಈಗ ಗಡಿಯಾರಕ್ಕೆ ಬರೋಣ.

1920ರಲ್ಲಿ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ಅಮೆರಿಕದ ಇಬ್ಬರು ವಿಜ್ಞಾನಿಗಳು, ಬೇಸಿಗೆಯಲ್ಲಿ ಹೂಬಿಡಲು ಒಪ್ಪದ ಒಂದು ತಂಬಾಕು ತಳಿಯ ಬೆನ್ನುಹತ್ತಿ, ಗಿಡಗಳು ಹಗಲಿನ ಉದ್ದ ನೋಡಿ ಹೂಬಿಡುತ್ತವೆ ಅಂತ ತೋರಿಸಿದರು. ದಿನ ಚಿಕ್ಕದಾದಾಗ ಹೂಬಿಡುವಂಥವು ‘ಶಾರ್ಟ್ ಡೇ’ ಗಿಡಗಳು. 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಬಟ್ಟೆಗೆ ಅಂಟುವ ಮುಳ್ಳುಕಾಯಿಯ ಕಳೆ ಗಿಡ ಕ್ಸಾಂಥಿಯಂ ಮೇಲೆ ಪ್ರಯೋಗ ಮಾಡಿ, ಗಿಡ ನಿಜವಾಗಿ ಅಳೆಯುವುದು ಹಗಲನ್ನಲ್ಲ, ನಿರಂತರ ಕತ್ತಲನ್ನು ಅಂತ ಕಂಡುಕೊಂಡರು. ಉದ್ದ ರಾತ್ರಿಯ ನಡುವೆ ಕೆಲವೇ ನಿಮಿಷ ದೀಪ ಹಚ್ಚಿದರೆ ಸಾಕು, ಹೂವು ಇಲ್ಲ. ‘ಶಾರ್ಟ್ ಡೇ’ ಅನ್ನುವ ಹೆಸರು ತಪ್ಪು, ‘ಲಾಂಗ್ ನೈಟ್’ ಅನ್ನಬೇಕಿತ್ತು. ಆದರೆ ಟೆಕ್ಸ್ಟ್‌ಬುಕ್ಕಿನಲ್ಲಿ ಒಮ್ಮೆ ಅಚ್ಚಾದದ್ದನ್ನು ಅಳಿಸೋರು ಯಾರು?

ಅಳೆಯುವ ಸೆನ್ಸರ್ ಎಲೆಯಲ್ಲಿದೆ, ಹೆಸರು ಫೈಟೊಕ್ರೋಮ್. ಇದು ಎರಡು ಸ್ಥಿತಿಯ ಸ್ವಿಚ್. 660 ನ್ಯಾನೊಮೀಟರ್ ಆಸುಪಾಸಿನ ಕೆಂಪು ಬೆಳಕು ಬಿದ್ದರೆ ಒಂದು ಸ್ಥಿತಿಗೆ, 730ರ ದೂರಗೆಂಪು ಬಿದ್ದರೆ ಹಿಂದಕ್ಕೆ. ಇಲೆಕ್ಟ್ರಾನಿಕ್ಸ್‌ನವರು ಫ್ಲಿಪ್‌ಫ್ಲಾಪ್ ಅಂದುಕೊಳ್ಳಿ, ಆದರೆ ಸೋರುವ ಫ್ಲಿಪ್‌ಫ್ಲಾಪ್: ಕತ್ತಲಲ್ಲಿ ಬಿಟ್ಟರೆ ನಿಧಾನ ತಾನೇ ಹಿಂದಕ್ಕೆ ಜಾರುತ್ತದೆ. ಸಂಜೆಗೆ ಸೂರ್ಯ ‘ಹಗಲು’ ಅಂತ ಬರೆದು ಹೋಗುತ್ತಾನೆ; ರಾತ್ರಿಯಿಡೀ ಆ ಬರಹ ಮಾಸುತ್ತದೆ. ಈ ಸುಳಿವನ್ನು ಗಿಡ ತನ್ನ ಒಳಗಿನ ದಿನಚರಿಯ ಗಡಿಯಾರದ ಜೊತೆ ತಾಳೆ ನೋಡುತ್ತದೆ. ರಾತ್ರಿ ಸಾಕಷ್ಟು ಉದ್ದ ಅನ್ನಿಸಿದರೆ ಎಲೆಯಿಂದ ತುದಿಗೆ ಸಂದೇಶ ಹೋಗುತ್ತದೆ, ಹೂವು ಮಾಡು ಅಂತ. ನಡುರಾತ್ರಿ ಯಾರಾದರೂ ಲೈಟ್ ಹಾಕಿದರೆ ಸ್ವಿಚ್ ಮತ್ತೆ ‘ಹಗಲು’. ಒಂದು ಉದ್ದ ರಾತ್ರಿ ಎರಡು ಚಿಕ್ಕ ರಾತ್ರಿಗಳಾಗಿ ಒಡೆಯಿತು, ಎಣಿಕೆ ಕೆಟ್ಟಿತು.

ಕ್ರಿಸ್‌ಮಸ್ ಗಿಡಕ್ಕೆ ಸರಿಸುಮಾರು 12 ಗಂಟೆಯ ಆಸುಪಾಸಿನ ಮುರಿಯದ ಕತ್ತಲು ಸಿಗಲು ಶುರುವಾದರೆ ಎಣಿಕೆ ಆರಂಭ. ಬೆಳೆಗಾರರು ಖಾತ್ರಿಗೆ 14 ಗಂಟೆ ಕೊಡುತ್ತಾರೆ. ಅಲ್ಲಿಂದ ಪೂರ್ತಿ ಕೆಂಪಾಗಲು ತಳಿಯ ಮೇಲೆ ಎಂಟರಿಂದ ಹತ್ತು ವಾರ. ಸೆಪ್ಟೆಂಬರ್ ಕೊನೆಗೆ ಹಗಲು–ರಾತ್ರಿ ಸಮ. ಅದಕ್ಕೆ ಹತ್ತು ವಾರ ಕೂಡಿಸಿ ನೋಡಿ, ಡಿಸೆಂಬರ್ ಮೊದಲ ವಾರ. ಗಿಡ ಹಬ್ಬಕ್ಕೆ ಸರಿಯಾಗಿ ಬರೋದು ಈ ಲೆಕ್ಕದಿಂದ. ಭೂಗೋಳದ ದಕ್ಷಿಣಾರ್ಧದ ಆಸ್ಟ್ರೇಲಿಯಾದಲ್ಲಿ ಇದೇ ಗಿಡ ತಾನಾಗಿ ಕೆಂಪಾಗುವುದು ವರ್ಷದ ನಡುವೆ, ಜೂನ್–ಜುಲೈ ಸುಮಾರಿಗೆ! ಡಿಸೆಂಬರ್‌ಗೆ ಬೇಕಾದರೆ ಅಲ್ಲಿಯವರು ಕಪ್ಪು ಬಟ್ಟೆ ಹೊದಿಸಿ ಸುಳ್ಳು ರಾತ್ರಿ ಮಾಡಬೇಕು.

ನಾವು ಚೌಡಾಪುರದಿಂದ ಶುರು ಮಾಡಿದ್ದಕ್ಕೆ ಕಾರಣ ಇಲ್ಲಿದೆ. ಚೌಡಾಪುರ ಇರುವುದು ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಪಾದ್ರಿಗಳು ಗೋದಲಿ ಸಿಂಗರಿಸಿದ ಟಾಸ್ಕೊ ಹದಿನೆಂಟೂವರೆ ಡಿಗ್ರಿಯಲ್ಲಿ. ಡಿಸೆಂಬರ್ ಕೊನೆಯಲ್ಲಿ ಎರಡೂ ಕಡೆ ರಾತ್ರಿ ಹತ್ತಿರಹತ್ತಿರ 13 ಗಂಟೆ. ವ್ಯತ್ಯಾಸ ಐದು ನಿಮಿಷ ಅಷ್ಟೇ. ಜೂನ್‌ನಲ್ಲಿ ಎರಡೂ ಕಡೆ 11 ಗಂಟೆಗಿಂತ ತುಸು ಕಡಿಮೆ. ಅಂದರೆ ಈ ಗಿಡ ಹುಟ್ಟಿನಿಂದ ಕಲಿತ ರಾತ್ರಿಗಳೇ ಭೀಮಾ ತೀರದಲ್ಲೂ ಇವೆ. ಲಂಡನ್ನಿನ ಕಿಟಕಿಯಲ್ಲಿ ಹದಿನಾರು ಗಂಟೆಯ ರಾತ್ರಿಯಲ್ಲಿ ಬೆಳಕಿಗೆ ಬಾಯಿಬಿಡುವ ಗಿಡಕ್ಕಿಂತ ಚೌಡಾಪುರದ ಹಿತ್ತಲಿನ ಗಿಡ ತವರಿಗೆ ಹತ್ತಿರ. ಕಪ್ಪು ಬಟ್ಟೆ, ಟೈಮರ್ ಏನೂ ಬೇಡ. ಬೇಕಾದದ್ದು ಕತ್ತಲು ಮಾತ್ರ, ಮತ್ತು ನಮ್ಮಲ್ಲಿ ಕಡಿಮೆ ಆಗ್ತಿರೋದು ಅದೇ.

ಲೆಕ್ಕ ನೋಡಿ. ಹುಣ್ಣಿಮೆಯ ಬೆಳಕು ಅರ್ಧ ಲಕ್ಸ್ ಕೂಡ ಇಲ್ಲ, ಗಿಡಕ್ಕೆ ಅದರಿಂದ ತೊಂದರೆ ಇಲ್ಲ. ಹತ್ತಿಪ್ಪತ್ತು ಲಕ್ಸ್ ಬೆಳಕು ರಾತ್ರಿಯಿಡೀ ಬಿದ್ದರೆ ಎಣಿಕೆ ಕೆಡುತ್ತದೆ. ಬೀದಿದೀಪದ ನೇರ ಕೆಳಗೆ ಅಷ್ಟು ಸಿಗುತ್ತದೆ, ಹಾಸ್ಟೆಲ್ ಕಾರಿಡಾರಿನಲ್ಲಿ ಅದಕ್ಕಿಂತ ಹೆಚ್ಚೇ. ಬಿಳಿ ಎಲ್‌ಇಡಿಯ ಬೆಳಕಿನಲ್ಲಿ ಫೈಟೊಕ್ರೋಮ್ ತಿರುಗಿಸುವಷ್ಟು ಕೆಂಪು ಇದ್ದೇ ಇರುತ್ತದೆ. ಒಂದೇ ಗಿಡದಲ್ಲಿ ದೀಪದ ಕಡೆಯ ಕೊಂಬೆ ಹಸಿರು, ಗೋಡೆಯ ನೆರಳಿನ ಕೊಂಬೆ ಕೆಂಪು ಇರುವುದನ್ನೂ ನೋಡಬಹುದು. ಬೆಳೆಗಾರರು ಇದೇ ತಂತ್ರವನ್ನು ಬೇಕಂತಲೇ ಬಳಸುತ್ತಾರೆ: ಸೇವಂತಿಗೆಯೂ ಇದೇ ಜಾತಿಯ ಗಡಿಯಾರದ್ದು, ಅದರ ಹೂವನ್ನು ಮುಂದೂಡಬೇಕಾದರೆ ಪಾಲಿಹೌಸಿನಲ್ಲಿ ನಡುರಾತ್ರಿ ಕೆಲವು ತಾಸು ಬಲ್ಬು ಹಚ್ಚುತ್ತಾರೆ.

ಕುಂಡದ ಗಿಡ ಕೆಂಪಾಗದಿದ್ದರೆ ಯಾರ ಮನೆಯೂ ಮುಳುಗುವುದಿಲ್ಲ. ಆದರೆ ಆಳಂದ, ಬೀದರ ಕಡೆ ಬೆಳೆಯುವ ಸೋಯಾಬೀನ್ ಕೂಡ ಶಾರ್ಟ್ ಡೇ ಬೆಳೆ. ರಸ್ತೆದೀಪದ ಕೆಳಗಿನ ಸೋಯಾ ಉಳಿದ ಹೊಲ ಒಣಗಿ ಕಟಾವಿಗೆ ಬಂದರೂ ಹಸಿರಾಗೇ ನಿಲ್ಲುವುದು ಬೇರೆ ದೇಶಗಳಲ್ಲಿ ಚೆನ್ನಾಗಿ ದಾಖಲಾಗಿದೆ. ತೊಗರಿಯ ಹಳೆಯ ದೀರ್ಘಾವಧಿ ತಳಿಗಳೂ ರಾತ್ರಿ ಎಣಿಸುವಂಥವೇ. 2019ರಲ್ಲಿ ಜಿಐ ಟ್ಯಾಗ್ ಪಡೆದ ನಮ್ಮ ಕಲಬುರಗಿ ತೊಗರಿಯ ಹೊಲದ ಬದುವಿಗೆ ಹೈಮಾಸ್ಟ್ ದೀಪ ನಿಲ್ಲಿಸುವಾಗ, ಬೆಳಕನ್ನು ರಸ್ತೆಗಷ್ಟೇ ಬೀಳಿಸುವ ಮುಚ್ಚಳ ಹಾಕುವುದು ಒಂದು ಡಿಸೈನ್ ಪ್ರಶ್ನೆ. ಅದನ್ನು ಡಿಸೈನ್ ಮಾಡೋರು ನಾಳೆ ಇದೇ ಕ್ಲಾಸ್‌ರೂಮಿನಿಂದ ಹೋಗೋರು. ಫೈನಲ್ ಇಯರ್‌ನವರು ಪ್ರಾಜೆಕ್ಟ್ ಟಾಪಿಕ್ ಇಲ್ಲ ಅಂತ ಅಲೀತಿದ್ರೆ ಇಲ್ಲೊಂದು ಬಿದ್ದದ ನೋಡ್ರಿ.

ರಾತ್ರಿ ಒಂದೇ ಸಾಲದು, ಸೆಕೆಯನ್ನೂ ನೋಡಬೇಕು. ಟಾಸ್ಕೊ ಇರುವುದು ಸಮುದ್ರಮಟ್ಟದಿಂದ 1,700 ಮೀಟರಿಗೂ ಎತ್ತರದಲ್ಲಿ, ನಮ್ಮದು ಸುಮಾರು 450 ಮೀಟರ್. ಅಕ್ಟೋಬರ್ ರಾತ್ರಿಗಳು 23–24 ಡಿಗ್ರಿಗಿಂತ ಬೆಚ್ಚಗಿದ್ದರೆ ಕತ್ತಲು ಸಾಕಷ್ಟಿದ್ದರೂ ಗಿಡ ತಡಮಾಡುತ್ತದೆ. ಹಗಲೆಲ್ಲ ಕಾದು ರಾತ್ರಿ ಬಿಸಿ ಉಗುಳುವ ಆರ್‌ಸಿಸಿ ಛಾವಣಿಯ ಮೇಲೆ ಕುಂಡ ಇಡುವುದಕ್ಕಿಂತ ನೆಲದ ಮೇಲೆ, ಪೂರ್ವದ ಗೋಡೆಗೆ ಇಡುವುದು ಲೇಸು. ಬೆಂಗಳೂರಿನ, ಮಲೆನಾಡಿನ ಕಾಂಪೌಂಡುಗಳಲ್ಲಿ ಇದು ಸುಲಭಕ್ಕೆ ಹಬ್ಬುವುದಕ್ಕೆ ಆ ತಂಪೂ ಕಾರಣ.

ಇನ್ನೊಂದು ಅಪವಾದ ತೊಳೆಯಬೇಕು. ‘ವಿಷದ ಗಿಡ, ಮಕ್ಕಳಿದ್ದ ಮನೆಗೆ ಬೇಡ’ ಅನ್ನುವ ಮಾತು. 1919ರಲ್ಲಿ ಹವಾಯಿಯಲ್ಲಿ ಒಂದು ಮಗು ಇದರ ಎಲೆ ತಿಂದು ಸತ್ತಿತು ಅನ್ನುವ ಸುದ್ದಿ ಹಬ್ಬಿತ್ತು. ಅದು ಯಾವತ್ತೂ ಸಾಬೀತಾಗಲಿಲ್ಲ. 1996ರಲ್ಲಿ ಅಮೆರಿಕದ ವಿಷಮಾಹಿತಿ ಕೇಂದ್ರಗಳಿಗೆ ಬಂದಿದ್ದ 22,793 ಪ್ರಕರಣಗಳ ವಿಶ್ಲೇಷಣೆ ಪ್ರಕಟವಾಯಿತು: ಸಾವು ಸೊನ್ನೆ, ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಗೆ ಯಾವ ಲಕ್ಷಣವೂ ಇಲ್ಲ. ಹಾಗಂತ ಪಲ್ಯ ಮಾಡಬೇಡಿ. ಹಾಲು ಚರ್ಮಕ್ಕೆ, ಕಣ್ಣಿಗೆ ತಾಗಿದರೆ ಉರಿ, ಬಾಯಿಗೆ ಹೋದರೆ ಹೊಟ್ಟೆ ತೊಳಸುತ್ತದೆ, ಕೆಲವರಿಗೆ ಅಲರ್ಜಿ. ಕತ್ತರಿಸಿದ ಮೇಲೆ ಕೈ ತೊಳೆದುಕೊಂಡರೆ ಆಯ್ತು.

ಸಾಕುವ ಕ್ರಮ ಬೇಗ ಹೇಳಿಬಿಡ್ತೀವಿ. ನಮ್ಮ ಎರೆಮಣ್ಣು ಒಂದೇ ಹಾಕಿದರೆ ನೀರು ನಿಂತು ಬೇರು ಕೊಳೆಯುತ್ತದೆ. ಮರಳು, ಗೊಬ್ಬರ ಬೆರೆಸಿ, ಕುಂಡಕ್ಕೆ ತೂತು ಇರಲಿ. ಬಣ್ಣದ ಕಾಗದ ಸುತ್ತಿ ಕೊಟ್ಟಿದ್ದರೆ ಬಿಚ್ಚಿ ಹಾಕಿ, ಅದರೊಳಗೆ ನೀರು ನಿಲ್ಲುತ್ತದೆ. ಫೆಬ್ರವರಿಯಲ್ಲಿ ಎಲೆ ಉದುರಿದರೆ ಸತ್ತಿಲ್ಲ, ನಿದ್ದೆ. ಮಾರ್ಚ್‌ನಲ್ಲಿ ಒಂದು ಗೇಣಿನಷ್ಟು ಬಿಟ್ಟು ಕತ್ತರಿಸಿ. ಮೇ ತಿಂಗಳ ಬಿಸಿಲಿಗೆ ನೆರಳು ಬೇಕು. ನಲವತ್ತು ಡಿಗ್ರಿಯಲ್ಲಿ ನಾವೇ ಬಾಡ್ತೀವಿ. ಮಳೆ ಬಿದ್ದ ಮೇಲೆ ಕುಂಡ ಬದಲಿಸಿ. ಕತ್ತರಿಸಿದ ಕಡ್ಡಿ ನೆಟ್ಟರೆ ಅದೂ ಚಿಗುರುತ್ತದೆ. ಆಗಸ್ಟ್‌ನಲ್ಲಿ ತುದಿ ಚಿವುಟಿದರೆ ಕವಲು ಹೆಚ್ಚು.

ಸೆಪ್ಟೆಂಬರ್ 25ಕ್ಕೆ ಒಂದೇ ಗಿಡದ ಕಡ್ಡಿಯಿಂದ ಬೆಳೆಸಿದ ಎರಡು ಕುಂಡ ತಗೊಳ್ಳಿ. ಒಂದನ್ನು ಹಾಸ್ಟೆಲ್ ಕಾರಿಡಾರಿನ ದೀಪದ ಕೆಳಗೆ, ಇನ್ನೊಂದನ್ನು ರಾತ್ರಿ ಯಾವ ಬೆಳಕೂ ಬೀಳದ ಹಿಂದಿನ ಗೋಡೆಗೆ ಇಡಿ. ಹಗಲು ಎರಡಕ್ಕೂ ಬಿಸಿಲು ಸಮ ಇರಲಿ. ಫೋನಿನ ಲಕ್ಸ್ ಮೀಟರ್ ಆ್ಯಪ್‌ನಿಂದ ರಾತ್ರಿ ಒಂಬತ್ತಕ್ಕೆ ಎರಡೂ ಕಡೆ ಅಳತೆ ತೆಗೆದು ಬರೆದಿಡಿ. ಮೊದಲ ಕೆಂಪು ಎಲೆ ಕಂಡ ತಾರೀಖು, ಅಳತೆ, ಒಂದು ಫೋಟೋ ಸಂಘಕ್ಕೆ ಕಳಿಸಿ. ಜನವರಿ ಸಂಚಿಕೆಯಲ್ಲಿ ಎಲ್ಲರ ಲೆಕ್ಕ ಸೇರಿಸಿ ಗ್ರಾಫ್ ಹಾಕ್ತೀವಿ.